ಸ್ಟೇಷನ್ನಿನಿಂದ ಕಾಣುವ ಬಿಳಿ ಗೋಡೆ

ನಿಮ್ಮವ್ವ ನೀರು ಕೇಳಿದರು, ಸುಭದ್ರಕ್ಕಾ.

ಇದನ್ನು ಮೊದಲು ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೊರಟರೆ ನಡುದಾರಿಯಲ್ಲೇ ಎಲ್ಲಾದರೂ ಕುಳಿತುಬಿಡುವ ಚಾಳಿ ನನ್ನದು — ಸುತ್ತಿ ಬಳಸಿದ್ದರಿಂದಲೇ ಇಷ್ಟೆಲ್ಲ ಆಯಿತು. ರಾಯಚೂರಿನ ಸ್ಟೇಷನ್ನಿನಿಂದ ಹೋಟೆಲಿಗೆ ಬರುವ ದಾರಿಯಲ್ಲಿ, ಸುಡು ಮಧ್ಯಾಹ್ನದಲ್ಲಿ, ನಿಮ್ಮ ತಾಯಿ ತುಳಸಾಬಾಯಿಯವರು ನನ್ನನ್ನು ನೀರು ಕೇಳಿದರು. ನೀರು ಎದುರಿಗೇ ಇತ್ತು. ನಾನು ಕುಡಿಯಗೊಡಲಿಲ್ಲ. ಆಮೇಲೆ ನಿಮ್ಮ ಯಜಮಾನರ ಮುಂದೆ, ಊರವರ ಮುಂದೆ, ‘ಕೊನೆಯವರೆಗೂ ಮಡಿ ಬಿಡಲಿಲ್ಲ, ನೀರು ಬೇಡವೆಂದೇ ಪ್ರಾಣ ಬಿಟ್ಟರು’ ಎಂದು ಹೇಳಿದೆ. ನೀವು ನಂಬಿದಿರಿ. ನಂಬಿ — ನಂಬಿ ಏನೇನು ಮಾಡಿಕೊಂಡಿರಿ ಎಂಬುದನ್ನು ಹೋದ ವಾರ ಮೋಟಾರಿನಲ್ಲಿ ಕಣ್ಣಾರೆ ನೋಡಿದೆ. ಅದಕ್ಕೇ ಈಗ ಬರೆಯಲು ಕುಳಿತಿದ್ದೇನೆ. ನಿಮ್ಮೆದುರು ನಿಂತಾಗ ನಾಲಿಗೆ ಮತ್ತೆ ತಿರುಚಿಕೊಳ್ಳಬಾರದೆಂದು ಮೊದಲು ಇಲ್ಲಿ ಹೇಳಿ ನೋಡುತ್ತಿದ್ದೇನೆ.

ನೀವು ನನ್ನನ್ನು ಮಾನ್ವಿಯ ಖಾನಾವಳಿಯ ಹಣಮಂತಾಚಾರಿ ಎಂದು ಬಲ್ಲಿರಿ. ಆಗ ನನ್ನದೆಂಬ ಖಾನಾವಳಿ ಇರಲಿಲ್ಲ, ಹೆಸರಿಗೆ ಆಚಾರಿ ಎಂದು ಅಂಟಿಸಿ ಕರೆಯುವವರೂ ಇರಲಿಲ್ಲ. ಯುದ್ಧದ ಕಾಲ. ನಮ್ಮಪ್ಪ ಮಾನ್ವಿಯಲ್ಲಿ ಗುಡಿಯ ಪೂಜೆ ಮಾಡುತ್ತಿದ್ದರು. ಬರುವ ಅಕ್ಕಿಯಲ್ಲಿ ಅಣ್ಣಂದಿರ ಸಂಸಾರವೇ ಸಾಗುತ್ತಿರಲಿಲ್ಲ. ನಾನು ರಾಯಚೂರಿಗೆ ಬಂದು ಭಟ್ಟರ ಹೋಟೆಲು ಸೇರಿದೆ. ಕೆಲಸ ಇಷ್ಟೇ — ರೈಲು ಬರುವ ಹೊತ್ತಿಗೆ ಸ್ಟೇಷನ್ನಿನ ಬಾಗಿಲಲ್ಲಿ ನಿಂತು, ‘ಬ್ರಾಹ್ಮಣರ ಹೋಟ್ಲಿಗೆ ಬರ್ರೀ, ಮಡಿ ಊಟ, ಸ್ನಾನಕ್ಕ ಬಾವಿ ನೀರು!’ ಎಂದು ಕೂಗುವುದು. ಹಣೆಯ ಮೇಲಿನ ಅಂಗಾರ ಅಕ್ಷತೆ ನೋಡಿ ನಮ್ಮವರನ್ನು ಗುರುತು ಹಿಡಿಯುವುದು. ಅವರ ಗಂಟು ತಲೆಯ ಮೇಲೆ ಹೊತ್ತು ಹೋಟೆಲಿಗೆ ಕರೆತರುವುದು. ಮನೆಯಲ್ಲಿ ಮಾತ್ರ ಹತ್ತಿ ಗಿರಣಿಯಲ್ಲಿ ಗುಮಾಸ್ತನಾಗಿದ್ದೇನೆ ಎಂದು ಹೇಳಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಆ ಗುಮಾಸ್ತನಿಗೆ ಹೆಣ್ಣೂ ಗೊತ್ತಾಗಿತ್ತು — ಮಾನ್ವಿ ಶಾಲೆಯ ಮಾಸ್ತರರ ಮಗಳು. ಲಗ್ನಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ.

ಸ್ಟೇಷನ್ನಿನ ಮೆಟ್ಟಿಲ ಮೇಲೆ ನಿಂತರೆ ನಮ್ಮ ಹೋಟೆಲಿನ ಬಿಳಿ ಗೋಡೆ ಕಾಣುತ್ತಿತ್ತು. ನೆಟ್ಟಗೆ ಒಂದೇ ರಸ್ತೆ, ಎರಡೂ ಬದಿ ಅಂಗಡಿ, ಅಲ್ಲಲ್ಲಿ ಬೇವಿನ ನೆರಳು. ಮುದುಕರೂ ಕೂಸು ಎತ್ತಿಕೊಂಡವರೂ ಆರಾಮಾಗಿ ನಡೆದುಬರುತ್ತಿದ್ದರು. ಕಳೆದುಹೋಗುವಂಥ ದಾರಿಯೇ ಅಲ್ಲ ಅದು. ಇದನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು.

ಅವತ್ತು ಸೊಲ್ಲಾಪುರದ ಕಡೆಯ ಗಾಡಿ ತಡವಾಗಿ ಬಂತು. ಸಿಪಾಯಿಗಳೇ ತುಂಬಿದ್ದರು. ಎಲ್ಲರೂ ಇಳಿದು ಹೋದ ಮೇಲೆ, ಕೆಂಪು ಸೀರೆಯ ಸೆರಗನ್ನು ತಲೆ ತುಂಬ ಹೊದ್ದ ಒಬ್ಬ ಅಜ್ಜಿ ಸುಂಕದ ಕಟ್ಟೆಯ ಹತ್ತಿರ ನಿಂತಿದ್ದರು. ನಿಜಾಮರ ಜವಾನನೊಬ್ಬ ಅವರ ಗಂಟು ಬಿಚ್ಚಿ ನೋಡುತ್ತಿದ್ದ. ಒಳಗೆ ಒಂದು ಮಡಿ ಸೀರೆ, ಬಾಣಂತಿಗೆಂದು ಕಟ್ಟಿದ ಅಂಟಿನುಂಡೆ, ಕೂಸಿಗೆ ಹೊಲಿದ ಕುಂಚಿಗೆ. ಅಜ್ಜಿ ಸೀರೆಯನ್ನಷ್ಟೇ ನೋಡುತ್ತಿದ್ದರು — ಪರರ ಕೈ ತಾಕಿತಲ್ಲ ಎಂದು. ಕೈಯಲ್ಲಿ ಒಂದು ಹಿತ್ತಾಳೆ ತಂಬಿಗೆ, ಬೋರಲು ಹಿಡಿದದ್ದು. ಖಾಲಿ.

“ಗಾಡ್ಯಾಗ ಯಾರದೋ ಕಾಲು ತಾಕಿತು ತಮ್ಮಾ, ಚೆಲ್ಲಿಬಿಟ್ಟೆ,” ಎಂದರು ನಾನು ಕೇಳದೆಯೇ. ಆಮೇಲೆ, “ನೀ ಯಾರ ಪೈಕಿ?”

ಮಾನ್ವಿಯ ಆಚಾರ್ರ ಮಗ ಎಂದೆ. ಮುಖ ಅರಳಿತು. ಮಗಳು ದೇವದುರ್ಗದಲ್ಲಿ ದಿನ ತುಂಬಿದವಳು, ಚೊಚ್ಚಲ ಬಾಣಂತನ, ಇಂದೇ ಮುಟ್ಟಬೇಕಾಗಿತ್ತು ಎಂದರು. ದೇವದುರ್ಗದ ಮೋಟಾರು ಆಗಲೇ ಹೋಗಿತ್ತು. ನಾಳೆಯವರೆಗೆ ನಮ್ಮಲ್ಲೇ ಉಳಿಯಬೇಕು. ಸ್ಟೇಷನ್ನಿನಲ್ಲಿ ಹಿಂದೂಗಳಿಗೆಂದು ನೀರು ಇಟ್ಟವನು ಬ್ರಾಹ್ಮಣನೇ. ಕುಡೀತೀರಾ ಅಜ್ಜಿ ಎಂದು ಕೇಳಿದೆ. “ಬ್ಯಾಡಪಾ. ಸ್ನಾನ ಆಗ್ಲಿ, ಆಮ್ಯಾಲ,” ಎಂದರು.

ಇದು ನಿಜ ಸುಭದ್ರಕ್ಕಾ. ಇಷ್ಟು ನಿಜ. ಈ ಒಂದು ಚಮಚ ನಿಜಕ್ಕೆ ಕೊಡಗಟ್ಟಲೆ ಸುಳ್ಳು ಬೆರೆಸಿ ನಿಮಗೆ ಕುಡಿಸಿದ್ದೇನೆ.

ಟಾಂಗಾದ ಸಾಬ ಕರೆದ. ಗಾದಿಗೆ ತೊಗಲು ಹೊದಿಸಿದೆ ಎಂದು ಅಜ್ಜಿ ಒಲ್ಲೆ ಎಂದರು. “ಎಷ್ಟು ದೂರದಪಾ ನಿಮ್ಮ ಹೋಟ್ಲು?”

“ಅಗೋ ಆ ಬಿಳಿ ಗ್ವಾಡಿ ಕಾಣಸ್ತದಲ್ರಿ ಅಜ್ಜಿ, ಅದs. ಮಾತಾಡ್ಕೋತ ಹೋದ್ರ ಮುಟ್ಟಿದ್ದ ಗೊತ್ತಾಗಂಗಿಲ್ಲ.”

ಅವರು ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ಗೋಡೆಯನ್ನು ನೋಡಿದರು. ತಲೆ ಆಡಿಸಿದರು. ಗಂಟು ನನ್ನ ತಲೆಯ ಮೇಲೇರಿತು. ಹೊರಟೆವು.

ರಸ್ತೆಯ ಅರ್ಧದಷ್ಟೂ ಬಂದಿರಲಿಲ್ಲ. ಜವಳಿ ಅಂಗಡಿಯ ಕಟ್ಟೆಯ ಮೇಲೆ ನನ್ನ ಭಾವಿ ಮಾವ, ಮಾಸ್ತರರು, ಕುಳಿತಿದ್ದರು. ಲಗ್ನದ ಸೀರೆ ನೋಡುತ್ತಿದ್ದರು. ಅಂಗಡಿಯವನು ಒಂದು ಸೀರೆ ಬಿಡಿಸಿ ಬಿಸಿಲಿಗೆ ಹಿಡಿದಿದ್ದ, ಆ ಸೀರೆಯಿಂದಾಗಿ ಅವರಿಗೆ ನಾನು ಕಾಣಲಿಲ್ಲ. ನನ್ನ ತಲೆಯ ಮೇಲೆ ಗಂಟು. ಮೈಮೇಲೆ ಕೂಲಿಯವನ ಬೆವರು. ಹತ್ತಿ ಗಿರಣಿಯ ಗುಮಾಸ್ತ!

ಒಂದು ನಿಮಿಷ ನಿಲ್ಲಬಹುದಿತ್ತು. ಅಜ್ಜಿಯನ್ನು ಮುಂದೆ ಕಳಿಸಿ, ಆ ಬಿಳಿ ಗೋಡೆಯೇ ಎಂದು ತೋರಿಸಿ ನಾನು ಹಿಂದೆ ಉಳಿಯಬಹುದಿತ್ತು. ಮಾವನಿಗೆ ನಮಸ್ಕಾರ ಮಾಡಿ ಮುಂದೆ ಹೋಗಿದ್ದರೂ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ಎಷ್ಟೋ ದಾರಿಗಳು ಈಗ ಹೊಳೆಯುತ್ತವೆ. ಆಗ ಹೊಳೆದದ್ದು ಒಂದೇ.

“ಈ ಕಡೆ ಬರ್ರಿ ಅಜ್ಜಿ, ಇಲ್ಲಿ ನೆರಳದ,” ಎಂದು ಪಕ್ಕದ ಸಂದಿಗೆ ತಿರುಗಿದೆ.

ನೆರಳು ಇರಲಿಲ್ಲ. ಅದು ಹತ್ತಿ ಗಿರಣಿಯ ಹಿಂದಿನ ದಾರಿ. ಒಂದು ಕಡೆ ಕಾದ ಕಲ್ಲಿನ ಗೋಡೆ, ಇನ್ನೊಂದು ಕಡೆ ಬಯಲು. ಗಾಳಿಯಲ್ಲಿ ಹತ್ತಿಯ ಎಳೆ ಹಾರಾಡಿ ಮೂಗಿಗೆ, ಬಾಯಿಗೆ ಹೋಗುತ್ತಿತ್ತು. ಆ ದಾರಿ ಊರನ್ನೇ ಒಂದು ಸುತ್ತು ಹಾಕಿ, ಹೋಟೆಲಿನ ಹಿತ್ತಲಿಗೆ ಬಂದು ಮುಟ್ಟುತ್ತದೆ. ನಾನು ಬಿರಬಿರನೆ ನಡೆದೆ. ಹಿಂದಿನಿಂದ ಅವರ ಬರಿಗಾಲಿನ ಸಪ್ಪಳ ಬರುತ್ತಿತ್ತು. ನಡುನಡುವೆ ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು.

“ತಮ್ಮಾ,” ಎಂದರು ಒಮ್ಮೆ, “ಆ ಬಿಳಿ ಗ್ವಾಡಿ ಎಲ್ಲಿ ಹೋತು?”

ಬಂತು ಅಜ್ಜಿ, ಬಂತು ಎಂದೆ. ಬೇರೆ ಏನು ಹೇಳಲಿ? ಅವರು ನನ್ನನ್ನು ನಂಬಿ ಬಂದವರು. ಆ ಊರಿನಲ್ಲಿ ಅವರಿಗೆ ಗೊತ್ತಿದ್ದದ್ದು ನಾನು ತೋರಿಸಿದ ಆ ಗೋಡೆ ಒಂದೇ, ಅದನ್ನೂ ಮರೆಮಾಡಿದೆ.

ಗಿರಣಿ ಗೋಡೆಯ ಮೂಲೆಯಲ್ಲಿ ಒಂದು ಅರವಟ್ಟಿಗೆ ಇತ್ತು. ಬೇಸಿಗೆಯಲ್ಲಿ ಹಾದಿಹೋಕರಿಗೆಂದು ಅಕ್ಕಿ ಗಿರಣಿಯ ಲಿಂಗಾಯತ ಸಾಹುಕಾರರು ಇಡಿಸುತ್ತಿದ್ದದ್ದು. ತಟ್ಟಿಯ ಚಪ್ಪರ, ಕೆಳಗೆ ಮರಳಿನ ಮೇಲೆ ಗಡಿಗೆಗಳು, ಅವುಗಳ ಮೇಲೆ ಒದ್ದೆ ಬಟ್ಟೆ. ಬಸಮ್ಮ ಎಂಬ ಹೆಣ್ಣುಮಗಳು ಕುಳಿತು ಬಂದವರ ಬೊಗಸೆಗೆ ನೀರು ಹೊಯ್ಯುತ್ತಿದ್ದಳು. ನೀರು ಬೀಳುವ ಸಪ್ಪಳ ಕೇಳಿಸಿತು. ನನ್ನ ಗಂಟಲೂ ಒಣಗಿತ್ತು — ನಾನು ಒಬ್ಬನೇ ಬಂದಾಗ ಅಲ್ಲಿ ದಿನಾ ಕುಡಿಯುತ್ತಿದ್ದೆ. ಹೌದು, ದಿನಾ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದರೆ ನನ್ನಂಥವರನ್ನು ನೋಡಿಯೇ.

ಅಜ್ಜಿ ನಿಂತರು. ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ ಹೇಳಿದರು:

“ತಮ್ಮಾ, ಅಲ್ಲಿ ನೀರದ. ಒಂದೀಟು ಹಾಕಿಸ್ಕೊಂಡು ಬಾರಪಾ. ಯಾರದರೆ ಇರ್ಲಿ.”

ತಂಬಿಗೆ ಚಾಚಿದರು. ಯಾರದರೆ ಇರ್ಲಿ — ಹುಟ್ಟಿದಾಗಿನಿಂದ ಪಾಲಿಸಿದ ಮಡಿಯನ್ನು ಆ ಎರಡು ಮಾತಿನಲ್ಲಿ ಕೆಳಗಿಟ್ಟರು, ಸುಭದ್ರಕ್ಕಾ. ಎಷ್ಟು ಬಾಯಾರಿರಬೇಕು! ಅಷ್ಟು ದೊಡ್ಡ ಹೆಂಗಸು ನನ್ನಂಥವನ ಮುಂದೆ ಅಷ್ಟು ಸಣ್ಣಗಾಗಿ ಕೇಳಬೇಕಾದರೆ...

ಅಷ್ಟರಲ್ಲಿ ಬಸಮ್ಮ ನೋಡಿದಳು. “ಬರ್ರಿ ಯವ್ವಾ, ಬಿಸಲಾಗ ಬಂದೀರಿ. ನೀರು ಕುಡೀರಿ, ಹೊಸಾ ಗಡಿಗಿ ಐತಿ,” ಎಂದು ಎದ್ದೇ ನಿಂತಳು. ಸುತ್ತ ಕುಳಿತ ಹಮಾಲರೂ ತಿರುಗಿ ನೋಡಿದರು.

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ:

“ಅವರು ಮಡಿಯವರದಾರವಾ. ನಿಮ್ಮ ನೀರು ಕುಡಿಯಂಗಿಲ್ಲ.”

ಯಾಕೆ ಹಾಗೆಂದೆ? ಇಷ್ಟು ವರ್ಷ ಇದನ್ನೇ ಕೆದಕಿದ್ದೇನೆ. ನಿಂತರೆ ತಡವಾಗುತ್ತದೆ, ಮಾಸ್ತರರು ಈ ಕಡೆ ಬಂದಾರು ಎಂಬ ಅಂಜಿಕೆ ಒಂದು — ಕಳ್ಳನ ಮನಸ್ಸು ಹುಳ್ಳುಳ್ಳಗೆ. ಮಡಿ ಹೋಟೆಲಿನ ಅತಿಥಿ ಅರವಟ್ಟಿಗೆಯಲ್ಲಿ ಕುಡಿದರೆಂದು ಭಟ್ಟರಿಗೆ ತಿಳಿದೀತು ಎಂಬುದು ಇನ್ನೊಂದು. ಈ ಎರಡನ್ನೂ ನನಗೆ ನಾನೇ ಹಲವು ಸಲ ಒಪ್ಪಿಸಿದ್ದೇನೆ. ಆದರೆ ಇವುಗಳ ಕೆಳಗೆ ಇನ್ನೂ ಒಂದಿದೆ. ತಲೆಯ ಮೇಲೆ ಗಂಟು ಹೊತ್ತು ಆ ಹಮಾಲರ ಕಣ್ಣಿಗೆ ನಾನೂ ಒಬ್ಬ ಹಮಾಲನಾಗಿದ್ದೆ. ಆ ಮಾತು ಆಡಿದ ಗಳಿಗೆಯಲ್ಲಿ ಮಾತ್ರ ಆಚಾರ್ರ ಮಗನಾದೆ. ನನ್ನ ದೊಡ್ಡಸ್ತಿಕೆಗೆ ಅವರ ಮಡಿ ಬೇಕಾಗಿತ್ತು. ಅವರ ಗಂಟಲು ಏನಾದರೆ ನನಗೇನು — ಹೀಗೆ ಯೋಚಿಸಲಿಲ್ಲ, ಆದರೆ ಮಾಡಿದ್ದು ಇದನ್ನೇ.

ಅಜ್ಜಿಯ ಕೈ ಹಿಂದೆ ಸರಿಯಿತು. ಅಷ್ಟು ಜನರ ಮುಂದೆ ಅವರ ಮಡಿಯನ್ನು ಸಾರಿದ ಮೇಲೆ, ಇಲ್ಲ, ನಾ ಕುಡೀತೀನಿ ಎನ್ನುವುದು ಹೇಗೆ? ತಂಬಿಗೆಯನ್ನು ಸೆರಗಿನಲ್ಲಿ ಮರೆಮಾಡಿಕೊಂಡರು. ಬಸಮ್ಮನತ್ತ ನೋಡಿ ನಕ್ಕಂತೆ ಮಾಡಿದರು.

“ಹೌದವಾ. ನಾ ಮಡಿ. ನಿನಗ ಪುಣ್ಯ ಬರ್ಲಿ.”

ಬಸಮ್ಮ ಕೈ ಮುಗಿದಳು. ಆಮೇಲೆ ಆ ಕಥೆಯನ್ನು ಊರಲ್ಲೆಲ್ಲ ಹಬ್ಬಿಸಿದವಳೂ ಅವಳೇ — ನೀರು ಎದುರಿಗಿದ್ದರೂ ಮುಟ್ಟಲಿಲ್ಲ ಮಹಾತಾಯಿ, ಎಂದು. ಅವಳ ತಪ್ಪಿಲ್ಲ. ಕಂಡದ್ದನ್ನು ಹೇಳಿದಳು. ಅಜ್ಜಿ ಕೇಳಿದ್ದು ಅವಳ ಕಿವಿಗೆ ಬೀಳಲಿಲ್ಲ, ನನ್ನ ಕಿವಿಗೆ ಬಿತ್ತು.

ಮತ್ತೆ ನಡೆದೆವು. ಈಗ ಅವರು ಗೋಡೆ ಹಿಡಿದುಕೊಂಡು ಬರುತ್ತಿದ್ದರು. ಗೋಡೆ ಕಾದಿತ್ತು, ಮುಟ್ಟಿ ಮುಟ್ಟಿ ಬಿಡುತ್ತಿದ್ದರು. ಒಂದು ಕಡೆ ನಿಂತು ಕರೆದರು. ಹತ್ತಿರ ಹೋದೆ.

“ತಮ್ಮಾ, ನಮ್ಮ ಸುಭದ್ರಾಗ ಹೇಳಬ್ಯಾಡ. ನೀರು ಕೇಳಿದೆ ಅಂತ. ಆಕಿಗೆ ಮಡಿ ಕಲಿಸಿದಾಕಿ ನಾನs.”

ಹೇಳಂಗಿಲ್ರಿ ಎಂದೆ.

ಈ ಮಾತಿನ ಹಿಂದೆ ನಾನು ಎಷ್ಟು ವರ್ಷ ಅಡಗಿ ಕುಳಿತಿದ್ದೆ! ಅಜ್ಜಿಯೇ ಬೇಡವೆಂದಿದ್ದಾರೆ, ಸತ್ತವರಿಗೆ ಕೊಟ್ಟ ಮಾತು ಎಂದು. ಆದರೆ ಅವರಿಗೆ ಆ ನಾಚಿಕೆ ತಂದವನು ಯಾರು? ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವರು ಚಪ್ಪರದಡಿ ಕುಳಿತು ನೀರು ಕುಡಿದು, ಹೋಟೆಲಿಗೆ ಬಂದು ಸ್ನಾನ ಮಾಡಿ, ದೇವರ ಮುಂದೆ ತಪ್ಪಾಯಿತೆಂದು ಒಂದು ನಮಸ್ಕಾರ ಹಾಕಿ, ಮರುದಿನ ದೇವದುರ್ಗಕ್ಕೆ ಬಂದು ನಿಮ್ಮ ತಲೆಗೆ ಎಣ್ಣೆ ಒತ್ತುತ್ತಿದ್ದರು. ಕೊಟ್ಟ ಮಾತು ಉಳಿಸಿಕೊಂಡೆ ಎಂಬ ಹೆಸರಿನಲ್ಲಿ ನನ್ನ ಮಾನ ಉಳಿಸಿಕೊಂಡೆ, ಅಷ್ಟೇ.

ಹೋಟೆಲಿನ ಹಿತ್ತಲ ಬಾಗಿಲು ಕಂಡಿತು. ಒಳಗೆ ಬಾವಿಯ ಗಾಲಿ ತಿರುಗುವ ಸಪ್ಪಳ, ಯಾರೋ ಕೊಡದಿಂದ ನೀರು ಸುರಿದುಕೊಳ್ಳುವ ಸಪ್ಪಳ. ಅಲ್ಲಿಯೇ, ಬಾಗಿಲಿನ ಹೊರಗೆ, ಅವರು ಕುಸಿದು ಕುಳಿತರು. ಬಿದ್ದರು ಎನ್ನಲಾರೆ. ಕುಳಿತರು, ಆಮೇಲೆ ಪಕ್ಕಕ್ಕೆ ವಾಲಿದರು. ನಾನು ಕೂಗಿಕೊಂಡೆ. ಭಟ್ಟರು ನೀರು ತಂದು ಮುಖಕ್ಕೆ ಚಿಮುಕಿಸಿದರು, ಬಾಯಿಗೆ ಬಿಟ್ಟರು. ಬಾಯಿಗೆ ಬಿಟ್ಟ ನೀರು ಕೆನ್ನೆಯ ಮೇಲಿಂದ ಇಳಿದು ಹೋಯಿತು. ವೈದ್ಯರು ಬರುವಷ್ಟರಲ್ಲಿ ಮುಗಿದಿತ್ತು.

ಭಟ್ಟರು ನನ್ನನ್ನು ಕೇಳಿದ್ದು ಒಂದೇ ಮಾತು: “ದಾರಿಯಲ್ಲಿ ನೀರು ಕೊಡಲಿಲ್ಲವೇನೋ?” ಆಗ ಹೊರಬಿತ್ತು ಆ ಸುಳ್ಳು. ಕೇಳಿದರೆ ಒಲ್ಲೆ ಎಂದರು, ಮಡಿ ಎಂದರು. ಹೇಳುವಾಗ ಅಳುತ್ತಿದ್ದೆ. ಅಳು ಸುಳ್ಳಲ್ಲ. ಮರುದಿನ ನಿಮ್ಮ ಯಜಮಾನರು ಬಂದಾಗ ಅದನ್ನೇ ಇನ್ನಷ್ಟು ಚಂದ ಮಾಡಿ ಹೇಳಿದೆ. ಅವರು ತಂಬಿಗೆಯನ್ನು ಎದೆಗೊತ್ತಿಕೊಂಡು ಅತ್ತರು. ನನ್ನ ಕೈ ಹಿಡಿದು, ನಮ್ಮತ್ತೆಯ ಕೊನೆಗಾಲಕ್ಕೆ ನೀನು ಮಗನಂತೆ ಇದ್ದೆ ಎಂದರು. ನೆಲ ಬಿರಿಯಬಾರದೇ ಎನಿಸಿತು. ಬಿರಿಯಲಿಲ್ಲ. ಲಗ್ನವೂ ಆಯಿತು.

ಒಂದು ಮಾತು ಇಲ್ಲಿ ಹೇಳಬೇಕು. ಲಗ್ನವಾಗಿ ಎಷ್ಟೋ ದಿನದ ಮೇಲೆ ಮಾವ ನಗುತ್ತ ಹೇಳಿದರು: “ಗಿರಣಿ ಗಿರಣಿ ಅಂತ ಯಾಕ ಸುಳ್ಳು ಹೇಳ್ತೀಯೋ ಹಣಮಂತಾ? ಸ್ಟೇಷನ್ನಿನ್ಯಾಗ ನೀ ಒದರೋದು ನಾ ಮೊದಲs ಕೇಳೀನಿ. ಮೈ ಬಗ್ಗಿಸಿ ದುಡಿಯೋ ಹುಡುಗ ಅಂತನ ಹೆಣ್ಣು ಕೊಟ್ಟದ್ದು.” ಅಂದು ರಾತ್ರಿ ನಾನು ಊಟ ಮಾಡಲಿಲ್ಲ. ಹೆಂಡತಿ ಹೊಟ್ಟೆನೋವೇ ಎಂದು ಕೇಳಿದಳು, ಹೌದೆಂದೆ. ಯಾರಿಂದ ಮುಖ ಮರೆಸಲು ಆ ಸಂದಿಗೆ ತಿರುಗಿದೆನೋ ಅವರಿಗೆ ಎಲ್ಲ ಗೊತ್ತಿತ್ತು.

ನಿಮ್ಮ ಮನೆಗೆ ನಾನು ಬಂದು ಹೋಗಿ ಮಾಡತೊಡಗಿದ್ದು ಆಮೇಲೆ. ನಿಮಗೆ ಹೆಣ್ಣು ಹುಟ್ಟಿತು, ತಾಯಿಯಿಲ್ಲದ ಬಾಣಂತನ, ತುಂಬ ಕಷ್ಟಪಟ್ಟಿರೆಂದು ಕೇಳಿದೆ. ಕೂಸಿಗೆ ಅಜ್ಜಿಯ ಹೆಸರಿಟ್ಟು ತುಳಸಿ ಎಂದಿರಿ. ತಂಬಿಗೆಯನ್ನು ದೇವರ ಕೋಣೆಯಲ್ಲಿಟ್ಟಿರಿ. ನಾನು ಬಂದಾಗಲೆಲ್ಲ ಅದನ್ನೇ ಹೊರಗೆ ತಂದು, “ನಮ್ಮವ್ವನ ತಂಬಿಗಿ ಹಣಮಂತಣ್ಣ, ನೀವು ಹೊರಗಿನವರಲ್ಲ,” ಎಂದು ಅದರಲ್ಲೇ ನೀರು ಕೊಡುತ್ತಿದ್ದಿರಿ. ಕುಡಿಯುತ್ತಿದ್ದೆ. ಏನೆಂದು ಹೇಳಲಿ — ಗುಟುಕು ಗುಟುಕಾಗಿ ಪೂರ್ತಿ ಕುಡಿಯುತ್ತಿದ್ದೆ.

ಇಷ್ಟಕ್ಕೇ ನಿಂತಿದ್ದರೆ ಬಹುಶಃ ಈ ಗುಟ್ಟನ್ನು ನಾನು ಸುಡುಗಾಡಿಗೇ ಒಯ್ಯುತ್ತಿದ್ದೆ. ನನ್ನ ಧೈರ್ಯ ಅಷ್ಟೇ. ಆದರೆ ಹೋದ ವಾರ —

ನೀವು ಮಾನ್ವಿಯ ಮದುವೆ ಮುಗಿಸಿ ರಾಯಚೂರಿನ ಮೋಟಾರು ಹತ್ತಿದ್ದಿರಿ, ತುಳಸಿಯನ್ನು ಕರೆದುಕೊಂಡು. ನಾನು ಸಂತೆ ಸಾಮಾನಿಗೆಂದು ಹೊರಟಿದ್ದೆ. ಕಲ್ಲೂರಿನ ಹತ್ತಿರ ಎಂಜಿನ್ನು ಕಾದು ಮೋಟಾರು ನಿಂತಿತು. ಕ್ಲೀನರ್ ಬಾವಿಯಿಂದ ಡಬ್ಬಿಯಲ್ಲಿ ನೀರು ತಂದು ಎಂಜಿನ್ನಿಗೆ ಸುರಿಯುತ್ತಿದ್ದ. ಜನ ಇಳಿದು ಬಾವಿಯ ಕಡೆ ಹೋದರು. ತುಳಸಿ ಕಿಟಕಿಯಲ್ಲಿ ಮುಖವಿಟ್ಟು ಆ ನೀರನ್ನೇ ನೋಡುತ್ತಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

“ಅವ್ವಾ, ನೀರು.”

“ಹಾದ್ಯಾಗ ಕುಡೀಬಾರದು. ಮನಿಗೆ ಹೋಗಿ ಸ್ನಾನ ಆದ ಮ್ಯಾಲ.”

ಮತ್ತೆ ಕೇಳಿದಳು. ಅತ್ತಳು. ಆಗ ನೀವು ಅವಳ ಗದ್ದ ಹಿಡಿದು ಹೇಳಿದಿರಿ — ಸಿಟ್ಟಿನಿಂದಲ್ಲ, ಭಕ್ತಿಯಿಂದಲೇ ಹೇಳಿದಿರಿ — “ನಿಮ್ಮಜ್ಜಿ ಜೀವಾ ಬಿಟ್ಟಳು, ನೀರು ಕೇಳಲಿಲ್ಲ. ಆಕಿ ಹೆಸರಿಟ್ಕೊಂಡು ನೀ ಇಷ್ಟಕ್ಕ ಅಳ್ತೀಯಾ? ನೀವರೆ ಹೇಳ್ರಿ ಹಣಮಂತಣ್ಣ, ಕಣ್ಣಿಲೆ ಕಂಡವರು ನೀವು.”

ಮಗು ನನ್ನ ಕಡೆ ತಿರುಗಿತು. ಕಣ್ಣಲ್ಲಿ ಒಂದು ಆಸೆ ಇತ್ತು, ಈ ಕಾಕಾ ಏನಾದರೂ ಬೇರೆ ಹೇಳಬಹುದು ಎಂದು.

“ಹೌದವಾ ತುಳಸಿ,” ಎಂದೆ ನಾನು.

ಅದೇ ಮಾತು, ಹೌದವಾ. ಅವಳಜ್ಜಿ ಆ ಚಪ್ಪರದ ಮುಂದೆ, ನನ್ನ ಸುಳ್ಳನ್ನು ತನ್ನದು ಮಾಡಿಕೊಂಡು ಆಡಿದ ಮಾತು. ಮಗು ಸುಮ್ಮನಾಯಿತು. ಮುಖವನ್ನು ಕಿಟಕಿಯಿಂದ ತೆಗೆದು ನಿಮ್ಮ ತೊಡೆಯ ಮೇಲೆ ಇಟ್ಟಿತು. ರಾಯಚೂರು ಬರುವವರೆಗೂ ಮತ್ತೆ ನೀರು ಕೇಳಲಿಲ್ಲ. ಅವಳು ಸುಮ್ಮನಾದದ್ದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ, ಸುಭದ್ರಕ್ಕಾ. ಅಷ್ಟು ಸಣ್ಣ ಕೂಸು ಇನ್ನೂ ಅತ್ತಿದ್ದರೆ ಚೆನ್ನಾಗಿತ್ತು. ನಾನು ಎರಡನೆಯ ಸಲ ಅದೇ ಕೊಲೆ ಮಾಡುತ್ತಿದ್ದೇನೆ ಎನಿಸಿತು, ಈ ಸಲ ಮುಖ ಮರೆಸಿಕೊಳ್ಳಲು ಮಾವನೂ ಇರಲಿಲ್ಲ, ನೆಪವೂ ಇರಲಿಲ್ಲ.

ಮೋಟಾರು ಇಳಿದ ಮೇಲೆ ನೀವು ದೇವದುರ್ಗದ ಗಾಡಿ ಹಿಡಿದಿರಿ. ನಾನು ಸಂತೆಗೆ ಹೋಗಲಿಲ್ಲ. ಸ್ಟೇಷನ್ನಿಗೆ ಹೋಗಿ ಮೆಟ್ಟಿಲ ಮೇಲೆ ನಿಂತೆ. ಬಿಳಿ ಗೋಡೆ ಹಾಗೆಯೇ ಕಾಣುತ್ತದೆ. ಜವಳಿ ಅಂಗಡಿಯ ಮುಂದೆ ಹಾದು, ಬೇವಿನ ನೆರಳಿನಲ್ಲಿ, ನೆಟ್ಟಗೆ ನಡೆದುಹೋಗಿ ಆ ಗೋಡೆ ಮುಟ್ಟಿ ನೋಡಿದೆ. ಎಷ್ಟು ಹತ್ತಿರ! ಇಷ್ಟೇ ದಾರಿ. ಇಷ್ಟು ದಾರಿಯಲ್ಲಿ ನಿಮ್ಮವ್ವನನ್ನು ಸುರಕ್ಷಿತವಾಗಿ ತಂದು ಮುಟ್ಟಿಸುವುದು ನನ್ನಿಂದ ಆಗಲಿಲ್ಲ.

ನಾಳೆ ದೇವದುರ್ಗಕ್ಕೆ ಬರುತ್ತೇನೆ. ಅಜ್ಜಿಗೆ ಕೊಟ್ಟ ಮಾತು ಮುರಿಯುತ್ತೇನೆ. ಇದರಿಂದ ನಿಮ್ಮ ದೇವರ ಕೋಣೆಯಿಂದ ಒಬ್ಬ ಮಹಾತಾಯಿ ಹೊರಟುಹೋಗುತ್ತಾಳೆಂದು ನನಗೆ ಗೊತ್ತು. ಅವಳ ಜಾಗದಲ್ಲಿ ಬಿಸಿಲಿನಲ್ಲಿ ಬಾಯಾರಿದ ಒಬ್ಬ ಮುದುಕಿ ಬಂದು ಕೂಡುತ್ತಾಳೆ. ಆಕೆಯೇ ನಿಮ್ಮ ತಾಯಿ. ಕ್ಷಮೆ ಕೇಳಲು ಬರುತ್ತಿಲ್ಲ. ಕೇಳುವ ಹಕ್ಕು ನನಗಿಲ್ಲ, ಕೊಡುವ ಹಂಗು ನಿಮಗಿಲ್ಲ. ಬಾಗಿಲಿಗೆ ಬಂದ ಕೂಡಲೇ ನೀವು ಎಂದಿನಂತೆ ಆ ತಂಬಿಗೆಯಲ್ಲಿ ನೀರು ತರುತ್ತೀರಿ. ಈ ಸಲ ತೆಗೆದುಕೊಳ್ಳುವುದಿಲ್ಲ. ಮೊದಲು ಹೇಳುತ್ತೇನೆ. ಹೇಳಿದ ಮೇಲೆ ನೀವು ಬೈದರೂ ಸರಿ, ಹೊರಗೆ ಹಾಕಿದರೂ ಸರಿ.

ಆ ನೀರನ್ನು ತುಳಸಿಗೆ ಕೊಡಿ. ಅವಳು ಕೇಳಿದಾಗ ಕೊಡಿ, ಹಾದಿಯಲ್ಲಾದರೂ ಕೊಡಿ, ಯಾರದಾದರೂ ಇರಲಿ.